ಮೂರನೆಯ ಸಲ ಕಟ್ಟಿದ ಚೀಲ

ಅಂಗಡಿಯ ಹಿಂದಿನ ಕೋಣೆ,
ಹನ್ನೆರಡನೆಯ ತಾರೀಖು, ಭಾನುವಾರ,
ಊಟ ಮುಗಿಸಿ, ಕೈ ಒರೆಸಿಕೊಂಡು.

ಪ್ರೀತಿಯ ಸೊಸೆಗೆ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಆಸ್ಪತ್ರೆಯಲ್ಲಿ ಬೆಳಗಿನಿಂದ ನಿಂತೇ ಇರುತ್ತೀಯೋ, ಇಲ್ಲ ನಾನು ಹೇಳಿದ ಹಾಗೆ ನಡುನಡುವೆ ಒಂದು ಗಳಿಗೆ ಕೂರುತ್ತೀಯೋ? ಕೂರುವುದಿಲ್ಲ ಎಂದು ನನಗೆ ಗೊತ್ತು. ಊರಿನ ರೋಗಿಗಳಿಗೆಲ್ಲ ವಿಶ್ರಾಂತಿ ಹೇಳುವ ನರ್ಸು ತಾನು ಮಾತ್ರ ಕಂಬದ ಹಾಗೆ ನಿಂತಿರುತ್ತಾಳೆ. ನಮ್ಮ ಪಿಟಿಪಿಟಿ ಹೇಗಿದ್ದಾಳೆ? ಬಾಯಿಗೆ ಬಿಡುವು ಕೊಡುವುದನ್ನು ಎಂಟು ವರ್ಷಕ್ಕಾದರೂ ಕಲಿತಳೇ? ಕಲಿಯದಿದ್ದರೂ ಪರವಾಗಿಲ್ಲ, ಈ ಕಡೆ ಮನೆ ತುಂಬಾ ಮೌನವಾಗಿದೆ, ಬಂದಾಗ ಕಿವಿ ತುಂಬಿಸಿಕೊಂಡು ಹೋಗುತ್ತೇನೆ. ನಿನ್ನ ಮನೆಯವರ ಕೈಯ ಗಾಯದ ಕಲೆ ಮಳೆ ಬಂದರೆ ಜುಮುಗುಡುತ್ತದೆ ಎಂದು ನೀನು ಬರೆದಿದ್ದೆ. ಈಗ ಹೇಗಿದೆ? ನಾನು ಚೆನ್ನಾಗಿದ್ದೇನೆ. ಕಣ್ಣು ನೀನು ನೋಡಿಕೊಂಡ ಪುಣ್ಯದಿಂದ ಇನ್ನೂ ಸೂಜಿಯ ಕಣ್ಣನ್ನು ಹುಡುಕುತ್ತದೆ. ಮೊಣಕಾಲು ವಯಸ್ಸಿಗೆ ತಕ್ಕ ಹಾಗಿದೆ. ನಾಲಿಗೆ ಮಾತ್ರ ಹೊಸ ಕತ್ತರಿಯ ಹಾಗಿದೆ ಎಂದು ಗುಂಡಿ ಅಜ್ಜ ದೂರುತ್ತಾರೆ. ಮೂವತ್ತು ವರ್ಷದಿಂದ ನಮ್ಮ ಹೊಲಿಗೆ ಅಂಗಡಿಯ ಮೂಲೆಯಲ್ಲಿ ಕೂತು ಗುಂಡಿ ಹಾಕುತ್ತಿರುವ ಮನುಷ್ಯ, ಅವರಿಗೆ ಆ ಹೆಸರಿಟ್ಟವಳು ನಿನ್ನ ಮಗಳು ಪಿಟಿಪಿಟಿಯೇ, ಈಗ ಗಿರಾಕಿಗಳೂ ಅವರನ್ನು ಹಾಗೇ ಕರೆಯುತ್ತಾರೆ. ಅವರು ಅದಕ್ಕೆ ಬೇಸರಪಟ್ಟಂತೆ ನಟಿಸುತ್ತಾರೆ.

ನಿನ್ನ ಕಾಗದ ಮಂಗಳವಾರ ಬಂತು. ಫೋನು ಮಾಡದೆ ಕಾಗದ ಬರೆದದ್ದು ಒಳ್ಳೆಯದಾಯಿತು. ಫೋನಿನಲ್ಲಿ ನೀನು ಒಂದು ಸಲ ‘ಹೂಂ’ ಅಂದರೆ ಸಾಕು, ಹೇಳಬೇಕಾದದ್ದನ್ನು ಬಿಟ್ಟು ಅಡುಗೆ ಏನೆಂದು ಕೇಳಿ ಇಟ್ಟುಬಿಡುತ್ತೇನೆ. ತಾರೀಖು ನೀನು ಹೇಳಿದ್ದೇ ಇರಲಿ. ಇಪ್ಪತ್ತನಾಲ್ಕು, ಶುಕ್ರವಾರ, ನಿಮ್ಮ ದ್ವೀಪಕ್ಕೆ ಬರುವ ಬೆಳಿಗ್ಗೆ ಹತ್ತರ ದೋಣಿ. ಸೋಮವಾರ ಮಧ್ಯಾಹ್ನದ ದೋಣಿಗೆ ವಾಪಸು. ನಾಲ್ಕು ದಿನ. ಅದಕ್ಕಿಂತ ಹೆಚ್ಚು ಇರು ಎಂದು ಹಟ ಹಿಡಿಯಬೇಡ, ಶಾಲೆಯ ಸಮವಸ್ತ್ರದ ಕೆಲಸ ತಲೆಯ ಮೇಲಿದೆ. ದೋಣಿಯ ನಿಲ್ದಾಣದ ಹತ್ತಿರ ಒಂದು ಲಾಡ್ಜಿನಲ್ಲಿ ಕೋಣೆ ಹಿಡಿದುಬಿಡು ಎಂದು ಬರೆದಿದ್ದೆನಲ್ಲ, ಅದಕ್ಕೆ ನೀನು ಒಂದೇ ಸಾಲು ಬರೆದಿದ್ದೀಯ: ‘ಅತ್ತೇ, ಲಾಡ್ಜಿಗೆ ಬರೋದಾದ್ರೆ ಬರ್ಲೇಬೇಡಿ.’ ಆ ಸಾಲನ್ನು ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಆಮೇಲೆ ಗುಂಡಿ ಅಜ್ಜನಿಗೆ ಓದಿ ಹೇಳಿದೆ. ಸರಿಯಮ್ಮ, ನಿನ್ನ ಮನೆಗೇ ಬರುತ್ತೇನೆ. ಪಿಟಿಪಿಟಿಯ ಕೋಣೆಯಲ್ಲಿ ಅವಳ ಪಕ್ಕ ಮಲಗುತ್ತೇನೆ. ನಾನು ಗೊರಕೆ ಹೊಡೆಯುತ್ತೇನೆಂದು ಅವಳಿಗೆ ಮೊದಲೇ ಹೇಳಿಡು.

ನಾನು ಪ್ರಯಾಣ ಹೊರಟಿರುವ ಸುದ್ದಿ ಮೇಲಿನ ಮನೆಯ ಮೇಡಂಗೆ ಗೊತ್ತಾಗಬಾರದಿತ್ತು, ಗೊತ್ತಾಯಿತು. ಮೂವತ್ತೈದು ವರ್ಷ ಮಕ್ಕಳಿಗೆ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಈ ಊರಿನ ಬಸ್ ನಿಲ್ದಾಣ ದಾಟಿ ಹೋದದ್ದು ಎರಡು ಸಲವಂತೆ, ಆದರೆ ಭೂಮಿಯ ಮೇಲಿನ ಸಮುದ್ರಗಳೆಲ್ಲ ಅವರ ಬೆರಳ ತುದಿಯಲ್ಲಿವೆ. ಅವತ್ತಿನಿಂದ ದಿನಾ ಸಂಜೆ ಕೆಳಗಿಳಿದು ಬಂದು ನನ್ನ ತಲೆ ತಿನ್ನುತ್ತಿದ್ದಾರೆ. ಉದ್ದ ಗೆರೆ, ಅಡ್ಡ ಗೆರೆ ಎಳೆದು ನಾಲ್ಕು ದಿನದ ವೇಳಾಪಟ್ಟಿ ಮಾಡಿಕೊಟ್ಟಿದ್ದಾರೆ. ಶುಕ್ರವಾರ ಸಂಜೆ ದೀಪಸ್ತಂಭ. ಶನಿವಾರ ಬೆಳಿಗ್ಗೆ ಉಬ್ಬರ ಇಳಿದ ಹೊತ್ತಿಗೆ ಹವಳದ ಬಂಡೆ. ತಳಕ್ಕೆ ಗಾಜು ಹಾಕಿದ ದೋಣಿ ಇರುತ್ತದಂತೆ, ಅದರಲ್ಲಿ ಕೂತು ಕೆಳಗೆ ನೋಡಬೇಕಂತೆ. ಬಿಸಿಲು ನೆತ್ತಿಯ ಮೇಲೆ ನೆಟ್ಟಗೆ ಬೀಳುವ ಜಾಗ, ಟೋಪಿ ಇಲ್ಲದೆ ಹೊರಗೆ ಕಾಲಿಡಕೂಡದು, ಮಳೆ ಹೇಳದೆ ಕೇಳದೆ ಬಂದು ಹತ್ತು ನಿಮಿಷದಲ್ಲಿ ಹೋಗುತ್ತದೆ, ಅದಕ್ಕೆ ಕೊಡೆ ಬೇರೆ. ದೋಣಿಯಲ್ಲಿ ತಲೆ ಸುತ್ತಿದರೆ ದಿಗಂತ ನೋಡಬೇಕು ಎಂದರು. ದಿಗಂತ ಯಾವ ಕಡೆ ಇರುತ್ತದೆ ಎಂದು ಕೇಳಿದೆ. ಶಿಷ್ಯೆಯನ್ನು ನೋಡುವ ಹಾಗೆ ಕನ್ನಡಕದ ಮೇಲಿನಿಂದ ಒಂದು ನೋಟ ನೋಡಿದರು. ತಮ್ಮ ದುರ್ಬೀನನ್ನೂ ಕೊಟ್ಟಿದ್ದಾರೆ. ಒಂದು ಕಡೆಯ ಗಾಜು ಒಡೆದಿದೆ, ಒಂದೇ ಕಣ್ಣಲ್ಲಿ ನೋಡಿದರೂ ಸಮುದ್ರ ಪೂರ್ತಿ ಕಾಣುತ್ತದೆ ಎಂದಿದ್ದಾರೆ. ನಗಬೇಡ, ಹೋಗಿಬಂದು ಎಲ್ಲದರ ವರದಿ ಒಪ್ಪಿಸಬೇಕೆಂದು ಅವರು ಮೆಟ್ಟಿಲ ಬಳಿಯಿಂದ ತಿರುಗಿ ಬಂದು ಇನ್ನೊಮ್ಮೆ ಹೇಳಿದರು. ಪಾಪ, ನನ್ನ ಚೀಲದಲ್ಲಿ ಅವರ ಆಸೆಯೂ ಒಂದಿಷ್ಟು ಸೇರಿಕೊಂಡಿದೆ.

ನಿಜ ಹೇಳಲೇ? ನನಗೆ ದೀಪಸ್ತಂಭವೂ ಬೇಡ, ಹವಳವೂ ಬೇಡ. ನನ್ನ ಪಟ್ಟಿಯೇ ಬೇರೆ. ನೀನು ಬೆಳಿಗ್ಗೆ ಎದ್ದು ನೀರು ಕಾಯಿಸುವ ಒಲೆ ಎಲ್ಲಿದೆ, ಅದರ ಎದುರಿನ ಕಿಟಕಿಯಿಂದ ಏನು ಕಾಣುತ್ತದೆ, ಅದನ್ನು ನೋಡಬೇಕು. ನೀನು ನಿಂತು ಕೆಲಸ ಮಾಡುವ ವಾರ್ಡಿನ ಬಾಗಿಲಲ್ಲಿ ಒಂದು ನಿಮಿಷ ನಿಲ್ಲಬೇಕು, ಯಾರಾದರೂ ಕೇಳಿದರೆ ಇವಳು ನಮ್ಮವಳು ಎನ್ನಬೇಕು. ಪಿಟಿಪಿಟಿ ಶಾಲೆಗೆ ಹೋಗುವ ಮರಳು ದಾರಿಯಲ್ಲಿ ಅವಳ ಹಿಂದೆ ನಡೆಯಬೇಕು. ಅವಳ ಚೀಲ ನಾನು ಹೊರುತ್ತೇನೆ, ನನ್ನ ಚೀಲ ಅವಳು ಹೊರಲಿ. ಉಳಿದ ಹೊತ್ತಿನಲ್ಲಿ ಸಮುದ್ರ ಎದುರಿಗೆ ಬಂದರೆ ನೋಡೋಣ, ನಾನೇನು ಕಣ್ಣು ಮುಚ್ಚಿಕೊಳ್ಳುವುದಿಲ್ಲ.

ಕಾಗದದ ಜೊತೆ ನಿನ್ನ ಮನೆಯವರು ಬರೆದು ಕಳಿಸಿದ ನಕಾಶೆ ತಲುಪಿತು. ಅದನ್ನು ಎಷ್ಟು ಸಲ ಬಿಚ್ಚಿ ಮಡಿಸಿದ್ದೇನೆಂದರೆ ಮಡಿಕೆಯಲ್ಲಿ ಹರಿಯುವ ಹಾಗಾಗಿದೆ. ಮೂಲೆಯಲ್ಲಿ ಎಂಜಿನ್ ಎಣ್ಣೆಯ ಒಂದು ಹೆಬ್ಬೆಟ್ಟಿನ ಗುರುತಿದೆ. ಬೋಟಿನ ಎಂಜಿನ್ ರಿಪೇರಿ ಮಾಡುವವರ ಕಾಗದವೆಂದು ಗುರುತು ಹೇಳಲು ಸಹಿಯೇ ಬೇಕಾಗಿಲ್ಲ. ದೋಣಿಯಲ್ಲಿ ಎಡಗಡೆಯ ಬೆಂಚು ಹಿಡಿಯಿರಿ, ಆ ಕಡೆ ಬಿಸಿಲು ಬೀಳುವುದಿಲ್ಲ ಎಂದು ಬರೆದಿದ್ದಾರೆ. ಇಳಿಯುವ ಹಲಗೆ ಜಾರುತ್ತದೆ, ಕೈ ಹಿಡಿಯಲು ನಾನೇ ನಿಂತಿರುತ್ತೇನೆ ಎಂದಿದ್ದಾರೆ. ಹಾಗೆ ಬರೆದ ಮೇಲೂ, ಅಕಸ್ಮಾತ್ ತಮಗೆ ತಡವಾದರೆ ಎಂದು ದಾರಿಯನ್ನು ಪೂರ್ತಿ ಬಿಡಿಸಿದ್ದಾರೆ. ಮೀನು ಮಾರುಕಟ್ಟೆ, ಹಗ್ಗದ ಅಂಗಡಿ, ಬಾಗಿದ ತೆಂಗಿನ ಮರ, ಒಂದು ನಾಯಿ. ನಾಯಿಯ ಪಕ್ಕದಲ್ಲಿ ‘ಬೊಗಳುತ್ತೆ, ಕಚ್ಚಲ್ಲ’ ಎಂದಿದೆ. ನಡುವೆ ಎರಡು ಕಡೆ ಸಣ್ಣ ಚೌಕ ಹಾಕಿ ‘ಇಲ್ಲಿ ಕೂತು ಸುಧಾರಿಸಿಕೊಳ್ಳಬಹುದು’ ಎಂದು ಬರೆದಿದ್ದಾರೆ. ನನ್ನ ಮೊಣಕಾಲಿಗಾಗಿ ಒಬ್ಬ ಮನುಷ್ಯ ಊರಿನ ಕಟ್ಟೆಗಳನ್ನು ಲೆಕ್ಕ ಹಾಕಿದ್ದಾನಲ್ಲ ಎಂದು ನನಗೆ ಕಣ್ಣು ಒದ್ದೆಯಾಯಿತು.

ಮೊಣಕಾಲಿನ ಮಾತು ಬಂತು. ಇದನ್ನು ಹೇಳಲು ಒಂದೂವರೆ ವರ್ಷದಿಂದ ಒದ್ದಾಡುತ್ತಿದ್ದೇನೆ, ಇವತ್ತು ಹೇಳಿಬಿಡುತ್ತೇನೆ. ನಿಮ್ಮ ಮದುವೆಗೆ ಬರದೇ ಹೋದಾಗ ನನ್ನ ಮೊಣಕಾಲು ನೋಯುತ್ತಿರಲಿಲ್ಲ. ಚೀಲ ಕಟ್ಟಿಯಾಗಿತ್ತು, ಚಪ್ಪಲಿಯನ್ನೂ ಮೆಟ್ಟಿದ್ದೆ. ಇನ್ನೊಂದು ಮದುವೆ ಆಗು ಎಂದು ನಿನ್ನನ್ನು ಪೀಡಿಸಿದವಳು ನಾನೇ. ‘ನೀನಿನ್ನೂ ಚಿಕ್ಕವಳು, ನನ್ನ ಜೊತೆ ನೀನೂ ಮುದುಕಿಯಾಗ್ಬೇಡ’ ಎಂದು ವರ್ಷಗಟ್ಟಲೆ ಹೇಳಿದವಳು ನಾನೇ. ಆದರೆ ಅಂಗಡಿಗೆ ಬೀಗ ಹಾಕಲು ಹೋದವಳು ಒಳಗೆ ವಾಪಸು ಬಂದು ಚಪ್ಪಲಿ ಬಿಟ್ಟುಬಿಟ್ಟೆ. ನನ್ನ ಮಗ ನಿಲ್ಲುತ್ತಿದ್ದ ಜಾಗದಲ್ಲಿ ಬೇರೆಯವರು ನಿಂತಿರುವುದನ್ನು ಕಣ್ಣಾರೆ ನೋಡುವ ಎದೆಗಾರಿಕೆ ನನಗಿರಲಿಲ್ಲ, ಅಷ್ಟೇ ಸತ್ಯ. ಮೊಣಕಾಲು ಊದಿದೆ ಎಂದು ನಿನಗೆ ಫೋನು ಮಾಡಿದೆ. ನೀನು ಒಂದು ಮಾತು ಕೆದಕಲಿಲ್ಲ. ‘ಪರ್ವಾಗಿಲ್ಲ ಅತ್ತೇ, ಹುಷಾರು’ ಅಂದೆ. ಹತ್ತು ದಿನಕ್ಕೆ ಅಂಚೆಯಲ್ಲಿ ಮೊಣಕಾಲಿಗೆ ಹಾಕುವ ಪಟ್ಟಿ ಬಂತು, ಅದೂ ಸರಿಯಾದ ಅಳತೆಯದ್ದು. ಮದುವೆಯಾದ ಹೊಸದರಲ್ಲಿ ಇದನ್ನು ಹುಡುಕಿಕೊಂಡು ಎಷ್ಟು ಅಂಗಡಿ ಅಲೆದೆಯೋ! ನಾಚಿಕೆಗೆ ಎರಡು ತಿಂಗಳು ಅದನ್ನು ಹಾಕಿಕೊಂಡೇ ಓಡಾಡಿದೆ. ಆಮೇಲೆ ನಿಜವಾಗಿಯೂ ನೋಯತೊಡಗಿತು. ಹೋದ ವರ್ಷ ಎರಡನೆಯ ಸಲ ಚೀಲ ಕಟ್ಟಿ ಬಿಚ್ಚಿದಾಗ ಸಮವಸ್ತ್ರದ ಕೆಲಸ ಎಂದು ಹೇಳಿದೆನಲ್ಲ, ಅದೂ ಕುಂಟುನೆಪವೇ. ನಿನಗೆ ಎರಡೂ ಗೊತ್ತಿತ್ತು ಎಂದು ನನಗೂ ಗೊತ್ತು. ಗೊತ್ತಿದ್ದೂ ನನ್ನ ಮರ್ಯಾದೆ ಉಳಿಸಿದೆ.

ನಿನಗೆ ಕೃತಜ್ಞತೆ ಹೇಳಲು ಹೊರಟರೆ ನಗುತ್ತೀಯ, ಆದರೂ ಹೇಳುತ್ತೇನೆ, ಎದುರಿಗೆ ಬಂದಾಗ ನನ್ನ ಬಾಯಿಂದ ಬೈಗುಳ ಬಿಟ್ಟು ಬೇರೇನೂ ಬರುವುದಿಲ್ಲ. ಮೂರು ದಿನದ ಜ್ವರದಲ್ಲಿ ನನ್ನ ಮಗ ತೀರಿಹೋದಾಗ ನೀನು ಇಪ್ಪತ್ತೇಳರ ಹುಡುಗಿ, ಕಂಕುಳಲ್ಲಿ ಎರಡು ವರ್ಷದ ಮಗು. ತವರಿಗೆ ಹೋಗುತ್ತೀಯ ಎಂದು ಎಲ್ಲರೂ ಅಂದುಕೊಂಡರು, ನಾನೂ ಅಂದುಕೊಂಡೆ. ನೀನು ಆ ವಿಷಯ ಎತ್ತಲೇ ಇಲ್ಲ. ನನ್ನ ಎರಡೂ ಕಣ್ಣಿನ ಪೊರೆ ತೆಗೆಸಿದ ಆ ಎರಡು ತಿಂಗಳು ನೆನಪಿದೆಯೇ? ಅಂಗಡಿ ಮುಚ್ಚಬೇಕಾಗುತ್ತದೆ ಎಂದು ನಾನು ಗೋಡೆಗೆ ಮುಖ ಹಾಕಿಕೊಂಡು ಮಲಗಿದ್ದೆ. ನೀನು ದಿನಾ ಬೆಳಿಗ್ಗೆ ಆಸ್ಪತ್ರೆಗೆ ಹೊರಡುವ ಮೊದಲು ಕಪ್ಪು ದಾರದ ಇಪ್ಪತ್ತು ಸೂಜಿ, ಬಿಳಿಯ ಇಪ್ಪತ್ತು ಸೂಜಿ ಪೋಣಿಸಿ, ದಿಂಬಿಗೆ ಸಾಲಾಗಿ ಚುಚ್ಚಿಟ್ಟು ಹೋಗುತ್ತಿದ್ದೆ. ಎಡಗಡೆ ಕಪ್ಪು, ಬಲಗಡೆ ಬಿಳಿ. ಕಣ್ಣು ಮಂಜಾಗಿದ್ದರೂ ಕೈ ಹಾಕಿದರೆ ಸಿಗುವ ಹಾಗೆ. ಸಂಜೆ ಬಂದು ಬರಿದಾದ ಸೂಜಿಗಳನ್ನು ಎಣಿಸಿ ‘ಇವತ್ತು ಹದಿನಾರು ಖರ್ಚಾಗಿದೆ, ಅತ್ತೆ ಸೋಮಾರಿಯಾಗಿದ್ದಾರೆ’ ಎಂದು ಪಿಟಿಪಿಟಿಗೆ ಚಾಡಿ ಹೇಳುತ್ತಿದ್ದೆ. ನಾನು ಆ ದಿನಗಳಲ್ಲಿ ಎದ್ದು ಕೂತದ್ದು ಕಣ್ಣಿನ ಡಾಕ್ಟರಿಂದಲ್ಲ. ಹೆತ್ತ ಮಗಳಿದ್ದಿದ್ದರೂ ಇಷ್ಟು ಮಾಡುತ್ತಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ.

ಇನ್ನೊಂದು ಮಾತು, ಇದಕ್ಕೂ ಬೇಸರಪಡಬೇಡ. ಹೋದ ತಿಂಗಳು ಫೋನಿನಲ್ಲಿ ಪಿಟಿಪಿಟಿ ಶಾಲೆಯ ಕತೆ ಹೇಳುತ್ತಿದ್ದವಳು ಇದ್ದಕ್ಕಿದ್ದಂತೆ ‘ಅಜ್ಜೀ ಇಡ್ತೀನಿ, ಅಪ್ಪ ಬಂದ್ರು’ ಎಂದು ಫೋನು ಇಟ್ಟುಬಿಟ್ಟಳು. ಮೊದಲೆಲ್ಲ ‘ಎಂಜಿನ್ ಮಾಮ’ ಅನ್ನುತ್ತಿದ್ದಳಲ್ಲ. ಸುಳ್ಳು ಹೇಳುವುದಿಲ್ಲ. ಅವತ್ತು ಒಂದು ಕಾಲರನ್ನು ತಲೆಕೆಳಗಾಗಿ ಹೊಲಿದೆ. ಆದರೆ ಅವಳ ದನಿಯಲ್ಲಿದ್ದ ಆತುರ ಇದೆಯಲ್ಲ, ಬಾಗಿಲಿಗೆ ಓಡುವ ಆತುರ, ಅದನ್ನು ನೆನೆದು ಆಮೇಲೆ ಸಮಾಧಾನವಾಯಿತು. ಅವಳಿಗೆ ತನ್ನ ಅಪ್ಪನ ಮುಖ ನೆನಪಿಲ್ಲ. ಬಾಗಿಲಿಗೆ ಓಡಲು ಅವಳಿಗೂ ಒಬ್ಬರು ಬೇಕಲ್ಲ. ಅವಳಿಗೆ ಈಜು ಕಲಿಸುವಾಗ ಹೊಟ್ಟೆಯ ಕೆಳಗೆ ಕೈ ಕೊಟ್ಟು ಹಿಡಿದವರು ಅವರು, ಕೈ ಬಿಡುವ ಮೊದಲು ಹೇಳಿಯೇ ಬಿಡುತ್ತಾರೆ ಎಂದು ಅವಳೇ ಬರೆದಿದ್ದಳು. ಅಂಥವರನ್ನು ಅಪ್ಪ ಅನ್ನದೆ ಇನ್ನೇನು ಅಂದಾಳು. ಅವರಿಗೆ ನನ್ನ ನಮಸ್ಕಾರ ತಿಳಿಸು. ನಾನು ಹೀಗೆ ಬರೆದಿದ್ದೇನೆಂದು ಹೇಳಿದರೂ ಸರಿ, ಹೇಳದಿದ್ದರೂ ಸರಿ.

ಚೀಲದ ಸಂಗತಿಗೆ ಬರುತ್ತೇನೆ. ಪಿಟಿಪಿಟಿಗೆ ಮೂರು ಫ್ರಾಕು ಹೊಲಿದಿದ್ದೇನೆ. ಅಂಚಿನ ಒಳಗೆ ನಾಲ್ಕು ಬೆರಳು ಬಟ್ಟೆ ಮಡಚಿಟ್ಟಿದ್ದೇನೆ, ಅವಳು ಬೆಳೆದ ಹಾಗೆ ಬಿಚ್ಚುತ್ತಾ ಹೋಗು. ಸಮುದ್ರದ ಊರಿನಲ್ಲಿ ಮಕ್ಕಳು ಬೇಗ ಉದ್ದವಾಗುತ್ತಾರೆಂದು ಮೇಡಂ ಹೇಳಿದರು, ಅದು ಭೂಗೋಳವೋ ಬರೀ ಮಾತೋ ತಿಳಿಯದು. ನಿನಗೆ ಎರಡು ಸಡಿಲವಾದ ಹತ್ತಿಯ ಅಂಗಿ, ಎರಡಕ್ಕೂ ಆಳವಾದ ಜೇಬು. ಕೀಲಿಕೈ, ಪೆನ್ನು, ಮಾತ್ರೆಯ ಚೀಟಿ ಎಲ್ಲವನ್ನೂ ಕೈಯಲ್ಲಿ ಹಿಡಿದುಕೊಂಡು ಓಡಾಡುವ ಚಾಳಿ ನಿನಗೆ ಇನ್ನೂ ಹೋಗಿರಲಾರದು. ಮೇಡಂ ಒತ್ತಾಯಕ್ಕೆ ನನಗೂ ಒಂದು ಬಟ್ಟೆಯ ಟೋಪಿ ಹೊಲಿದುಕೊಂಡೆ. ಹಾಕಿ ಕನ್ನಡಿಯಲ್ಲಿ ನೋಡಿದರೆ ಬುಟ್ಟಿ ಕವುಚಿದ ಹಾಗಿತ್ತು. ಗುಂಡಿ ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಾಲ್ಕು ದಿನ ಅಂಗಡಿ ಅವರದ್ದೇ. ಹೊಸ ಬಟ್ಟೆ ಒಪ್ಪಿಕೊಳ್ಳಬೇಡಿ, ಬರೀ ಗುಂಡಿ, ಕಾಜ, ಅಂಚು ಎಂದು ಮೂರು ಸಲ ಹೇಳಿದ್ದೇನೆ. ಹೂಂ ಹೂಂ ಎಂದಿದ್ದಾರೆ. ಖಂಡಿತ ಒಪ್ಪಿಕೊಳ್ಳುತ್ತಾರೆ.

ನನಗಾಗಿ ಹೆಚ್ಚಿಗೆ ಏನೂ ಮಾಡಬೇಡ. ನಿಮ್ಮ ತಟ್ಟೆಯಲ್ಲಿ ಏನಿರುತ್ತದೋ ಅದೇ ನನಗೂ ಸಾಕು. ರಜೆ ಹಾಕಿ ನನ್ನ ಮುಂದೆ ಕೂರಬೇಡ, ನಿನ್ನನ್ನು ಕೆಲಸದ ನಡುವೆಯೇ ನೋಡಿ ನನಗೆ ಅಭ್ಯಾಸ. ಬೆನ್ನಿಗೆ ಬಿಸಿನೀರಿನ ಶಾಖ ಕೊಡು. ನೀವು ಮೂವರೂ ಗಟ್ಟಿಮುಟ್ಟಾಗಿರಿ, ಮನೆಯಲ್ಲಿ ದಿನಾ ಒಂದು ಸಲವಾದರೂ ಜೋರಾದ ನಗು ಕೇಳಲಿ, ನಿಮ್ಮ ಬಾಗಿಲಿಗೆ ಒಳ್ಳೆಯ ಸುದ್ದಿಯೇ ಬರಲಿ ಎಂದು ಈ ಮುದುಕಿ ಮನಸಾರೆ ಹರಸುತ್ತಾಳೆ. ಪಿಟಿಪಿಟಿಯ ಎರಡೂ ಕೆನ್ನೆಗೆ ಮುತ್ತು. ಗುಂಡಿ ಅಜ್ಜನ ಆಶೀರ್ವಾದ, ಮೇಡಂನ ಶುಭಾಶಯ, ಎರಡನ್ನೂ ಬರೆಯಲೇಬೇಕೆಂದು ಅಪ್ಪಣೆಯಾಗಿದೆ, ಬರೆದಿದ್ದೇನೆ.

ನಿನ್ನ
ಅತ್ತೆ

ಮ.ವಿ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಎಲ್ಲರಿಗೂ ಏನೇನು ತರುತ್ತೇನೆಂದು ಬರೆದು ನಿನ್ನ ಮನೆಯವರಿಗೆ ಏನು ಎಂದು ಬರೆಯಲಿಲ್ಲ, ನೀನು ಗಮನಿಸಿರುತ್ತೀಯ. ಅವರಿಗೆ ಒಂದು ಅಂಗಿ ಹೊಲಿದೆ. ತಿಳಿನೀಲಿ ಹತ್ತಿ ಬಟ್ಟೆ, ಬುಧವಾರ ಮಧ್ಯಾಹ್ನ ಕತ್ತರಿಸಿ ಸಂಜೆಯೊಳಗೆ ಮುಗಿಸಿದೆ. ಅಳತೆ ಕೇಳಬೇಕೆಂದು ಹೊಳೆಯಲೇ ಇಲ್ಲ. ನಾನು ಮನೆಯ ಜನಕ್ಕೆ ಯಾವತ್ತು ಅಳತೆ ಇಟ್ಟುಕೊಂಡಿದ್ದೇನೆ? ಸೀಮೆಸುಣ್ಣ ಹಿಡಿದರೆ ಕೈ ತಾನಾಗಿ ಗೆರೆ ಎಳೆಯುತ್ತದೆ, ಎಳೆಯಿತು. ಮರುದಿನ ಗುಂಡಿ ಅಜ್ಜ ಅಂಗಿಯನ್ನು ಮೇಜಿನ ಮೇಲೆ ಹರಡಿ, ‘ಅವ್ರಿಗೂ ಎಡಭುಜ ಇಳಿದಿದ್ಯಾ?’ ಎಂದು ಕೇಳಿದರು. ಕೇಳಿದವರು ಆಮೇಲೆ ತಲೆ ಎತ್ತಲಿಲ್ಲ. ನಿನಗೆ ಗೊತ್ತಲ್ಲ, ಚಿಕ್ಕವನಿದ್ದಾಗ ಬಿದ್ದು ಮೂಳೆ ಮುರಿದಾಗಿನಿಂದ ನನ್ನ ಮಗನ ಎಡಭುಜ ಅರ್ಧ ಇಂಚು ಕೆಳಗೆ. ಕುತ್ತಿಗೆ, ತೋಳು, ಉದ್ದ, ಎಲ್ಲವೂ ಅವನದ್ದೇ. ಮನೆಯ ಗಂಡಸಿಗೆ ಎಂದರೆ ನನ್ನ ಕೈಗೆ ಗೊತ್ತಿರುವುದು ಅದೊಂದೇ ಮೈ. ಅಂಗಡಿಯ ಬಾಗಿಲು ಮುಂದೆ ಮಾಡಿ ಬಹಳ ಹೊತ್ತು ಅತ್ತುಬಿಟ್ಟೆ, ಆರು ವರ್ಷದಲ್ಲಿ ಹಾಗೆ ಅತ್ತಿರಲಿಲ್ಲ. ಅತ್ತ ಮೇಲೆ ಹಗುರವಾಯಿತು. ಆ ಅಂಗಿಯನ್ನು ಬಿಚ್ಚಲಿಲ್ಲ, ಮಡಿಸಿ ನನ್ನ ಸೀರೆಗಳ ಕೆಳಗೆ ಇಟ್ಟುಕೊಂಡೆ, ಅದು ನನಗಿರಲಿ. ಅದೇ ಬಟ್ಟೆಯ ಥಾನಿನಿಂದ ಇನ್ನೊಂದು ತುಂಡು ಹರಿದು ಚೀಲಕ್ಕೆ ಹಾಕಿದ್ದೇನೆ, ಕತ್ತರಿ ತಾಗಿಸಿಲ್ಲ. ನೀನು ಅವರ ಅಳತೆ ತೆಗೆದು ಕಳಿಸಬೇಡ, ನಿನಗೆ ಬಾರದು, ಟೇಪು ಬಿಗಿ ಹಿಡಿಯುತ್ತೀಯ. ಶುಕ್ರವಾರ ದೋಣಿ ಇಳಿದು ಮನೆಗೆ ಬಂದ ಮೇಲೆ ಅವರು ನನ್ನ ಎದುರು ಎರಡು ನಿಮಿಷ ನೆಟ್ಟಗೆ ನಿಂತರೆ ಸಾಕು, ನಾನೇ ತೆಗೆದುಕೊಳ್ಳುತ್ತೇನೆ. ಅಳತೆ ಪುಸ್ತಕದಲ್ಲಿ ಹೊಸ ಹಾಳೆ ಬಿಡಿಸಿ ಕುತ್ತಿಗೆ, ಭುಜ, ಎದೆ, ತೋಳು, ಉದ್ದ ಎಂದು ಬರೆದು ಎದುರಿಗೆ ಖಾಲಿ ಬಿಟ್ಟಿದ್ದೇನೆ. ಮೇಲ್ಗಡೆ, ಹೆಸರು ಬರೆಯುವ ಜಾಗದಲ್ಲಿ, ‘ಅಳಿಯಂದಿರು’ ಎಂದು ಬರೆದಿದ್ದೇನೆ.